ಘಟ್ಟ ಹತ್ತುವ ಸೈಕಲ್ಲಿಗೆ ಮೊದಲು ಯಾವುದು: ಗೇರೋ, ಬ್ರೇಕೋ, ಟೈರೋ?

ನನ್ನ ರೋಡ್ ಬೈಕಿನಲ್ಲಿ ನಾನು ಮೊದಲು ಬದಲಿಸಿದ್ದು ಹ್ಯಾಂಡಲ್ಲಿಗೆ ಸುತ್ತುವ ಟೇಪು. ಕೆಂಪು ಬಣ್ಣದ್ದು, ಚೆಂದ ಕಾಣುತ್ತಿತ್ತು. ದೇವಿಮನೆ ಘಟ್ಟ ಅದರಿಂದ ಒಂದಿಂಚೂ ತಗ್ಗಲಿಲ್ಲ. ಎರಡನೆಯ ಸಲ ಬುದ್ಧಿ ಬಂದು ಗೇರಿಗೆ ಕೈ ಹಾಕಿದೆ. ಆಗ ತರಿಸಿದ ಸಾಮಾನು ನನ್ನ ಸೈಕಲ್ಲಿಗೆ ಆಗಲೇ ಇಲ್ಲ. ಆ ಕತೆ ಮುಂದಿದೆ.

ರೋಡ್ ಬೈಕ್ ಎಂದರೆ ಶಿರಸಿಯಲ್ಲಿ ಇನ್ನೂ ಅರ್ಧ ಜನ ಮೋಟಾರಿನದೇ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಸೈಕಲ್ಲಿನ ವಿಷಯ. ಅದಕ್ಕೆ ಒಳ್ಳೆಯ ಭಾಗ ಹಾಕಿಸಬೇಕು ಅನ್ನುವ ಆಸೆ ಎರಡನೇ ವರ್ಷಕ್ಕೆ ಎಲ್ಲರಿಗೂ ಬರುತ್ತದೆ. ಬೆಂಗಳೂರಿನ ಗೆಳೆಯರು ಹಗುರ ಚಕ್ರ ಹಾಕಿಸು ಅನ್ನುತ್ತಾರೆ. ಅವರ ರಸ್ತೆಗೆ ಅದು ಸರಿಯಿರಬಹುದು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಪಕ್ಕದಲ್ಲಿದೆ. ನಡುವೆ ದೇವಿಮನೆ. ಕಾರವಾರದವರಿಗೆ 66ನೇ ಹೆದ್ದಾರಿ ಬಹುಮಟ್ಟಿಗೆ ಸಪಾಟು, ಆದರೆ ಮೂಡಣಕ್ಕೆ ತಿರುಗಿದರೆ ಅಣಶಿ ಎದುರಾಗುತ್ತದೆ. ಅಂಕೋಲೆಯಿಂದ ಅರಬೈಲು, ಹೊನ್ನಾವರದಿಂದ ಗೇರುಸೊಪ್ಪೆ. ಇದರ ಮೇಲೆ ನಾಲ್ಕು ತಿಂಗಳ ಮಳೆ, ಕೆಮ್ಮಣ್ಣಿನ ರಾಡಿ, ಕರಾವಳಿಯ ಉಪ್ಪು ಗಾಳಿ. ಹಾಗಾಗಿ ನಮ್ಮ ಕಡೆ ಹತ್ತಲು ಗೇರು, ಇಳಿಯಲು ಬ್ರೇಕು, ಆಮೇಲೆ ಟೈರು. ತೂಕದ ಮಾತು ಅದೆಲ್ಲ ಆದಮೇಲೆ.

ಗೇರು: ಕ್ಯಾಸೆಟ್ ಒಂದೇ ಸಾಕಾ, ಡಿರೇಲರ್ ಕೂಡ ಬೇಕಾ?

ಶುರುವಿನ ಬೆಲೆಯ ರೋಡ್ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ ಇರುತ್ತವೆ. ಹಿಂದಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ, ಹಲವು ಸೈಕಲ್ಲುಗಳಲ್ಲಿ 11ರಿಂದ 28 ಹಲ್ಲಿನದು. ಅದರ ತೀರಾ ಹಗುರ ಗೇರಿನಲ್ಲಿ, ಅಂದರೆ 34ಕ್ಕೆ 28ರಲ್ಲಿ, ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲು ಹಾಕಿದರೆ ಅದೇ ಸುತ್ತಿಗೆ 2.1 ಮೀಟರ್. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಮೊಣಕಾಲಿಗೆ ದೊಡ್ಡದು. ಗಂಟೆಗೆ 7 ಕಿ.ಮೀ. ವೇಗದಲ್ಲಿ ಏರು ಹತ್ತುವಾಗ 28ರಲ್ಲಿ ನಿಮಿಷಕ್ಕೆ ಸುಮಾರು 46 ಸುತ್ತು ತುಳಿಯುತ್ತೀರಿ. ಅದು ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ. 34ರಲ್ಲಿ 55 ಸುತ್ತು ಸಿಗುತ್ತದೆ, ಉಸಿರು ಬಿಡಲು ಜಾಗ ಆಗುತ್ತದೆ.

ಕಾರವಾರದಿಂದ ಅಂಕೋಲಾ, ಕುಮಟಾ, ಭಟ್ಕಳ ಅಂತ ಹೆದ್ದಾರಿ ಉದ್ದಕ್ಕೂ ಹೋಗಿಬರುವವರಿಗೆ 11-28 ಚೆನ್ನಾಗಿಯೇ ಇದೆ, ಬದಲಿಸಬೇಡಿ. 11-34ರಲ್ಲಿ ಒಂದು ಗೇರಿಗೂ ಮುಂದಿನ ಗೇರಿಗೂ ನಡುವಿನ ನೆಗೆತ ಜಾಸ್ತಿ. ಸಂಜೆ ಸಮುದ್ರದ ಗಾಳಿಗೆ ಎದುರಾಗಿ ತುಳಿಯುವಾಗ ಒಂದು ಗೇರು ಭಾರ, ಇನ್ನೊಂದು ತೀರಾ ಹಗುರ ಅನಿಸುತ್ತದೆ. ವಾರಕ್ಕೊಮ್ಮೆ ಘಟ್ಟ ಹತ್ತುವವರು 34 ಹಾಕಿಸಿ. ತಿಂಗಳಿಗೊಮ್ಮೆ ಹತ್ತುವವರಿಗೆ 11-32 ಒಳ್ಳೆಯ ನಡುದಾರಿ.

ಹೊಂದಾಣಿಕೆಯ ತಕರಾರು ಶುರುವಾಗುವುದು ಇಲ್ಲಿಂದ. ಹಿಂದಿನ ಡಿರೇಲರಿಗೆ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ತೋಳಿಗೆ, ಎರಡು ಮಿತಿ ಇರುತ್ತವೆ. ಒಂದು, ಎಷ್ಟು ದೊಡ್ಡ ಹಲ್ಲಿನ ಚಕ್ರದ ಕೆಳಗೆ ಅದು ತಾಗದೆ ನಿಲ್ಲುತ್ತದೆ ಅನ್ನುವುದು. ಇನ್ನೊಂದು, ಎಷ್ಟು ಸಡಿಲ ಚೈನನ್ನು ಅದು ಎಳೆದು ಹಿಡಿಯುತ್ತದೆ ಅನ್ನುವುದು. ಎರಡನೆಯದರ ಲೆಕ್ಕ ಸುಲಭ. ಮುಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 50ರಲ್ಲಿ 34 ಹೋದರೆ 16. ಹಿಂದಿನದನ್ನೂ ಹಾಗೇ ಕಳೆಯಿರಿ, 34ರಲ್ಲಿ 11 ಹೋದರೆ 23. ಕೂಡಿಸಿದರೆ 39. ಶಿಮಾನೋ ಕಂಪನಿಯ 105 ಎಂಬ ಗೇರು ಸಾಲಿನ ಆರ್7000 ಡಿರೇಲರ್ ಎರಡು ಉದ್ದದಲ್ಲಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಸ್‌ಎಸ್ ಎಂದಿದ್ದರೆ ಗಿಡ್ಡ ತೋಳು, ಹಿಂದೆ 30 ಹಲ್ಲಿನವರೆಗೆ, ಒಟ್ಟು 35. ಜಿಎಸ್ ಎಂದಿದ್ದರೆ ಉದ್ದ ತೋಳು, 34 ಹಲ್ಲಿನವರೆಗೆ, ಒಟ್ಟು 39. ಅಂದರೆ ನಮ್ಮ ಘಟ್ಟದ ಕ್ಯಾಸೆಟ್ ಎಸ್‌ಎಸ್‌ಗೆ ಆಗುವುದಿಲ್ಲ, ಜಿಎಸ್‌ಗೆ ಸರಿಯಾಗಿ ಕೂರುತ್ತದೆ. ಈ ಅಕ್ಷರ ಡಿರೇಲರಿನ ಒಳಬದಿಯಲ್ಲಿ, ಕಡ್ಡಿಗಳ ಕಡೆಗೆ ಮುಖ ಮಾಡಿ ಇರುತ್ತದೆ. ರಾಡಿ ಒರೆಸಿ, ಮೊಬೈಲಿನ ಟಾರ್ಚ್ ಹಿಡಿದು ಓದಿ.

ಈಗ ನನ್ನ ಕತೆ. ನನ್ನ ಸೈಕಲ್ಲಿನಲ್ಲಿದ್ದದ್ದು ಶಿಮಾನೋದ್ದೇ ಹಳೆಯ ಟಿಯಾಗ್ರಾ 4600 ಗೇರು, 10 ಸ್ಪೀಡು, ಅಂದರೆ ಹಿಂದೆ ಹತ್ತು ಹಲ್ಲುಚಕ್ರ, ಗಿಡ್ಡ ತೋಳು. ಉದ್ದ ತೋಳು ಬೇಕಿತ್ತು. ಟಿಯಾಗ್ರಾದ್ದೇ ಮುಂದಿನ ಮಾದರಿ 4700ರ ಜಿಎಸ್ ಡಿರೇಲರ್ ಚಂದ ಕಂಡಿತು. ಫೋನಿನಲ್ಲಿ ಕೇಳಿದೆ. "10 ಸ್ಪೀಡ್ ತಾನೇ ಸಾರ್, ಆಗುತ್ತೆ" ಅಂದರು. ನಾನೂ ಹತ್ತಕ್ಕೆ ಹತ್ತು ಸರಿ ಅಲ್ವಾ ಅಂದುಕೊಂಡೆ. ಪಾರ್ಸೆಲ್ ಬಂತು, ಹಾಕಿದೆ. ಶಿಫ್ಟರ್, ಅಂದರೆ ಹ್ಯಾಂಡಲ್ಲಿನಲ್ಲಿ ಬ್ರೇಕಿನ ಜೊತೆಗೇ ಇರುವ ಗೇರು ಲಿವರ್, ಒಂದು ಸಲ ಕಟ್ ಅಂದರೆ ಚೈನು ಮುಂದಿನ ಹಲ್ಲಿಗೆ ಹೋಗದೆ ನಡುವೆಯೇ ಕಟಕಟ ಅನ್ನುತ್ತಿತ್ತು. ಎರಡು ಸಂಜೆ ತಿರುಪು ತಿರುಗಿಸಿ ಸಾಕಾಗಿ, ಪೇಟೆಯ ಹಳೆಯ ಸೈಕಲ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಗೇರು ಇಂಥದ್ದು ಅಂತ ಹೆಸರು ಓದಿದವರಲ್ಲ. ಕೈಯಿಂದ ಪೆಡಲ್ ತಿರುಗಿಸುತ್ತ ಒಂದೊಂದೇ ಕಟ್ ಹಾಕಿ ಚೈನು ಎಲ್ಲಿ ನಿಲ್ಲುತ್ತದೆ ನೋಡಿದರು. "ತಮಾ, ಇದ್ರ ಎಳೆತವೇ ಬ್ಯಾರೆ ಇದ್ದು. ನೀ ಎಷ್ಟ್ ತಿರುಪಿದ್ರೂ ಕೂರ್ತಿಲ್ಲೆ" ಅಂದರು.

ಅವರು ಹೇಳಿದ್ದೇ ಸರಿ. ಶಿಫ್ಟರ್ ಒಂದು ಕಟ್ಟಿಗೆ ಎಷ್ಟು ತಂತಿ ಎಳೆಯುತ್ತದೆ, ಡಿರೇಲರ್ ಅಷ್ಟಕ್ಕೆ ಎಷ್ಟು ಸರಿಯುತ್ತದೆ, ಇವೆರಡೂ ಒಂದೇ ಲೆಕ್ಕದಲ್ಲಿ ಮಾಡಿದವಾಗಿರಬೇಕು. 4700 ಬಂದಾಗ ಶಿಮಾನೋ ಈ ಲೆಕ್ಕವನ್ನೇ ಬದಲಿಸಿತ್ತು. ಹಾಗಾಗಿ 4700ರ ಡಿರೇಲರ್ ಹಳೆಯ 10 ಸ್ಪೀಡಿನ 4600, 5700, 6700ರ ಶಿಫ್ಟರುಗಳ ಜೊತೆ ಕೆಲಸ ಮಾಡುವುದಿಲ್ಲ. ಶಿಮಾನೋದ ಹೊಸ ಕ್ಯೂಸ್ ಸಾಲಿನದ್ದೂ ಬೇರೆಯೇ ಲೆಕ್ಕ. ಸ್ರಾಮ್ ಮತ್ತು ಶಿಮಾನೋ ನಡುವೆಯಂತೂ ಶಿಫ್ಟರ್, ಡಿರೇಲರ್ ಬೆರೆಸಲೇಬೇಡಿ. ಆದರೆ ಕ್ಯಾಸೆಟ್ ಮತ್ತು ಚೈನಿಗೆ ಇಷ್ಟು ಮಡಿ ಇಲ್ಲ. 8, 9, 10, 11 ಸ್ಪೀಡುಗಳಲ್ಲಿ ಸ್ಪೀಡು ಒಂದೇ ಆಗಿದ್ದರೆ ಈ ಎರಡು ಕಂಪನಿಯ ಸಾಮಾನು ಒಂದಕ್ಕೊಂದು ನಡೆಯುತ್ತದೆ.

ನನ್ನ ತಲೆನೋವಿಗೆ ಮದ್ದು ಸಿಕ್ಕಿದ್ದು ಗುಜರಿಯಲ್ಲಿ. ಶಿಮಾನೋದ ಹಳೆಯ 9 ಸ್ಪೀಡ್ ಮೌಂಟನ್ ಡಿರೇಲರುಗಳ ಎಳೆತವೂ ಹಳೆಯ 8, 9, 10 ಸ್ಪೀಡ್ ರೋಡ್ ಶಿಫ್ಟರುಗಳ ಎಳೆತವೂ ಒಂದೇ. ಯಾರೋ ಬಿಟ್ಟ ಮೌಂಟನ್ ಸೈಕಲ್ಲಿನ 9 ಸ್ಪೀಡಿನ ಉದ್ದ ತೋಳಿನ ಆಲಿವಿಯೋ ಡಿರೇಲರ್ ತಂದು ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದೆ. 10 ಸ್ಪೀಡಿನ 11-34 ಕ್ಯಾಸೆಟ್ ಜೊತೆ ಇವತ್ತಿಗೂ ಓಡುತ್ತಿದೆ. ಆದರೆ 10 ಸ್ಪೀಡಿನ ಮೌಂಟನ್ ಡಿರೇಲರ್ ತಂದರೆ ಇದು ನಡೆಯುವುದಿಲ್ಲ.

ಕ್ಯಾಸೆಟ್ ದೊಡ್ಡದಾದಾಗ ಚೈನೂ ಉದ್ದ ಆಗಬೇಕು. ಇದನ್ನು ಮರೆತವರು ತುಂಬಾ ಜನ. ಡಿರೇಲರಿಗೆ ಹಾಕದೆ, ಮುಂದಿನ ದೊಡ್ಡ ಚಕ್ರ ಹಿಂದಿನ ದೊಡ್ಡ ಚಕ್ರ ಎರಡಕ್ಕೂ ಚೈನು ಸುತ್ತಿ ನೋಡಿ. ತುದಿಗಳು ಸೇರುವಲ್ಲಿಂದ ಎರಡು ಕೊಂಡಿ ಹೆಚ್ಚಿಗೆ ಬೇಕು. ಗಿಡ್ಡ ಬಿಟ್ಟರೆ, ಮರೆತು ದೊಡ್ಡದಕ್ಕೆ ದೊಡ್ಡ ಗೇರು ಹಾಕಿದ ಕ್ಷಣ ಡಿರೇಲರ್ ಕಿತ್ತುಕೊಂಡು ಬರುತ್ತದೆ. ಅದರ ಜೊತೆ ಮುರಿಯುವುದು ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಅಲ್ಯೂಮಿನಿಯಂ ತುಂಡು, ಹ್ಯಾಂಗರ್. ಅದು ಫ್ರೇಮಿಗೊಂದು ಆಕಾರ. ಶಿರಸಿಯಲ್ಲಿ ಬಿಡಿ, ಹುಬ್ಬಳ್ಳಿಯಲ್ಲೂ ಸಿಗುತ್ತದೆ ಅಂತ ನಂಬಬೇಡಿ. ಬೇರೆ ಏನೂ ಕೊಳ್ಳದಿದ್ದರೂ ನಿಮ್ಮ ಸೈಕಲ್ಲಿನ ಒಂದು ಹ್ಯಾಂಗರ್ ತರಿಸಿಡಿ.

ಸವೆದ ಚೈನನ್ನು ಹೊಸ ಕ್ಯಾಸೆಟ್ ಮೇಲೆ ಓಡಿಸಬೇಡಿ. 12 ಇಂಚಿಗೆ ಒಂದು ಇಂಚಿನ 16ನೇ ಒಂದು ಭಾಗ ಹಿಗ್ಗಿತು ಅಂದರೆ ಅದರ ಆಯಸ್ಸು ಮುಗಿಯಿತು. ಮಳೆಗಾಲದಲ್ಲಿ ದಿನಾ ಓಡಿಸಿದರೆ ಗಣೇಶ ಚೌತಿಗೇ ಆ ಹಂತ ಬಂದರೂ ಆಶ್ಚರ್ಯ ಇಲ್ಲ.

ಇನ್ನು 7 ಸ್ಪೀಡಿನ ಅಗ್ಗದ ಸೈಕಲ್ಲುಗಳು. ಅವುಗಳಲ್ಲಿ ಹೆಚ್ಚಾಗಿ ಇರುವುದು ಕ್ಯಾಸೆಟ್ ಅಲ್ಲ, ತಿರುಪಿನ ಮೇಲೆ ಕೂರುವ ಫ್ರೀವ್ಹೀಲ್. ಅದರ ಜಾಗಕ್ಕೆ ಕ್ಯಾಸೆಟ್ ಬರುವುದಿಲ್ಲ, ಚಕ್ರವನ್ನೇ ಬದಲಿಸಬೇಕಾಗುತ್ತದೆ. ಅಂಥ ಸೈಕಲ್ಲಿಗೆ ದೊಡ್ಡ ಹಲ್ಲಿನ ಫ್ರೀವ್ಹೀಲ್ ಹಾಕಿಸಿ ಸುಮ್ನಿರುವುದು ಒಳ್ಳೆಯದು.

ಬ್ರೇಕು: ರಬ್ಬರೋ, ಕ್ಯಾಲಿಪರೋ, ಎಣ್ಣೆಯೋ?

ಆಷಾಢದಲ್ಲಿ ದೇವಿಮನೆ ಇಳಿದವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ಬ್ರೇಕ್ ಹಿಡಿದ ಮೇಲೆ ರಿಮ್ಮಿನ ನೀರು ಒರೆಸಿ ಹೋಗುವ ತನಕ ಸೈಕಲ್ ನಿಮ್ಮ ಮಾತು ಕೇಳುವುದಿಲ್ಲ. ಆ ಒಂದೆರಡು ಕ್ಷಣದಲ್ಲಿ ತಿರುವು ಬಂದಿರುತ್ತದೆ, ತಿರುವಿನಲ್ಲಿ ಲಾರಿ.

ರಿಮ್ ಬ್ರೇಕಿನವರು, ಅಂದರೆ ಚಕ್ರದ ಅಂಚನ್ನೇ ರಬ್ಬರು ಒತ್ತಿ ಹಿಡಿಯುವ ಬ್ರೇಕಿನವರು, ಮೊದಲು ರಬ್ಬರು ಬದಲಿಸಿ. ಕಂಪನಿಯಿಂದ ಬರುವ ಗಟ್ಟಿ ರಬ್ಬರು ತೆಗೆದು, ಒದ್ದೆಯಲ್ಲಿ ಹಿಡಿಯುವ ಮೆತ್ತನೆಯ ರಬ್ಬರು ಹಾಕಿದರೆ ಆಗುವ ಫರಕು ನನ್ನ ಮಟ್ಟಿಗೆ ಇಡೀ ಸೈಕಲ್ಲಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ. ರಬ್ಬರು ಮಾತ್ರ ಜಾರಿಸಿ ತೆಗೆಯುವ ಥರದ ಶೂ ಒಮ್ಮೆ ಹಾಕಿಸಿಕೊಂಡರೆ ಆಮೇಲೆ ಬರೀ ರಬ್ಬರಿನ ಖರ್ಚು. ಅಲ್ಯೂಮಿನಿಯಂ ರಿಮ್ಮಿನ ರಬ್ಬರು ಬೇರೆ, ಕಾರ್ಬನ್ ರಿಮ್ಮಿನದು ಬೇರೆ. ಕಾರ್ಬನ್ ರಿಮ್ಮನ್ನು ರಿಮ್ ಬ್ರೇಕಿನ ಜೊತೆ ಘಟ್ಟಕ್ಕೆ ತರುವ ಯೋಚನೆಯನ್ನೇ ಬಿಡಿ. ಉದ್ದ ಇಳಿಜಾರಿನ ಬಿಸಿಯೂ ಮಳೆಯ ಜಾರಿಕೆಯೂ ಎರಡೂ ಅದಕ್ಕೆ ಆಗದು. ಅಲ್ಯೂಮಿನಿಯಂ ಕೂಡ ಅಮರ ಅಲ್ಲ. ಕೆಮ್ಮಣ್ಣಿನ ರಾಡಿ ರಬ್ಬರಿಗೆ ಅಂಟಿದರೆ ಬಡಗಿಗಳ ಪಾಲಿಶ್ ಕಾಗದದ ಹಾಗೆ ರಿಮ್ಮನ್ನು ತೇಯುತ್ತದೆ. ಹಲವು ರಿಮ್ಮುಗಳ ಬದಿಯಲ್ಲಿ ಸವೆತ ತೋರಿಸುವ ಸಣ್ಣ ಗುಳಿಯೋ ಗೀರೋ ಇರುತ್ತದೆ. ಅದು ಅಳಿಸಿಹೋಗಿದ್ದರೆ ರಿಮ್ ಬದಲಿಸಿ.

ಕ್ಯಾಲಿಪರ್, ಅಂದರೆ ರಬ್ಬರನ್ನು ರಿಮ್ಮಿಗೆ ಒತ್ತುವ ಇಕ್ಕುಳ, ಬದಲಿಸುವವರು ಸ್ಕೇಲು ಹಿಡಿಯಬೇಕು. ಬೋಲ್ಟಿನ ತೂತಿನ ನಡುವಿನಿಂದ ರಿಮ್ಮಿನ ಬದಿಯಲ್ಲಿ ರಬ್ಬರು ತಾಗುವ ಜಾಗದವರೆಗೆ ಅಳೆಯಿರಿ. ಮಾಮೂಲಿ ರೋಡ್ ಕ್ಯಾಲಿಪರ್ 39ರಿಂದ 49 ಮಿ.ಮೀ. ತನಕ, ಉದ್ದ ತೋಳಿನದು 47ರಿಂದ 57 ಮಿ.ಮೀ. ತನಕ ತಲುಪುತ್ತದೆ. ದಪ್ಪ ಟೈರು, ಮಡ್‌ಗಾರ್ಡ್ ಎರಡಕ್ಕೂ ಜಾಗ ಬಿಟ್ಟ ಫ್ರೇಮುಗಳಿಗೆ ಎರಡನೆಯದು ಬೇಕು. ಮೊದಲನೆಯದು ತಂದರೆ ರಬ್ಬರು ರಿಮ್ ಬಿಟ್ಟು ಟೈರನ್ನು ಉಜ್ಜುತ್ತದೆ.

"ರಿಮ್ ತೆಗೆದು ಡಿಸ್ಕ್ ಹಾಕಿಸಬಹುದಾ?" ಅಂತ ಕೇಳುವವರು ಬಹಳ. ಆಗುವುದಿಲ್ಲ. ಫ್ರೇಮಿನಲ್ಲೂ ಫೋರ್ಕಿನಲ್ಲೂ ಡಿಸ್ಕಿಗೆ ಕಟ್ಟೆ ಇರಬೇಕು, ಚಕ್ರವೂ ಬೇರೆ. ಬೆಸುಗೆ ಹಾಕಿ ಮಾಡಿಕೊಡುತ್ತೇನೆ ಅಂದವರಿಗೆ ಕೈಮುಗಿದು ಬನ್ನಿ.

ಡಿಸ್ಕ್ ಇರುವವರಿಗೆ ಮೂರು ದಾರಿ. ನನ್ನ ಕಾರವಾರದ ಗೆಳೆಯನೊಬ್ಬ ಮೂರನ್ನೂ ದಾಟಿ ಬಂದವನು. ಮೊದಲು ತಂತಿಯ ಡಿಸ್ಕ್ ಬ್ರೇಕಿಗೆ ಒಳ್ಳೆಯ ಪ್ಯಾಡು, ಒತ್ತಿದರೆ ಕುಗ್ಗದ ಗಟ್ಟಿ ಹೊರಕವಚ ಹಾಕಿದ. ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಅವನ ಮನೆ ಕಡಲಿನಿಂದ ಕೂಗಳತೆ. ಉಪ್ಪು ಗಾಳಿ ಕವಚದೊಳಗೆ ಹೋಗಿ ಒಂದೇ ಮಳೆಗಾಲಕ್ಕೆ ತಂತಿ ತುಕ್ಕು. ಆಮೇಲೆ ತಂತಿ ಎಳೆದರೆ ಒಳಗೆ ಎಣ್ಣೆ ತಳ್ಳುವ ಕ್ಯಾಲಿಪರ್ ತಂದ. ಅದಕ್ಕೆ ಹಳೆಯ ಶಿಫ್ಟರೇ ಸಾಕು, ಅದೇ ಅದರ ಅನುಕೂಲ. ಕೊನೆಗೆ ಪೂರ್ತಿ ಹೈಡ್ರಾಲಿಕ್. ಇದಕ್ಕೆ ಶಿಫ್ಟರ್ ಕೂಡ ಹೈಡ್ರಾಲಿಕ್ಕಿನದೇ ಬೇಕು, ಜೇಬಿಗೆ ಭಾರ. ಆದರೆ ತಂತಿಯೇ ಇಲ್ಲದ ಮೇಲೆ ತುಕ್ಕು ಹಿಡಿಯುವುದೇನು? "ಮಾರಾಯಾ, ಮೊದಲೇ ಇದನ್ನೇ ಮಾಡಿದ್ರೆ ಎರಡು ಸಲದ ದುಡ್ಡು ಉಳೀತಿತ್ತು" ಅನ್ನುತ್ತಾನೆ.

ಅವನ ಮಾತು ಕರಾವಳಿಗೆ ನಿಜ, ಘಟ್ಟದ ಮೇಲಿನವರಿಗೆ ಅಷ್ಟಾಗಿ ಅಲ್ಲ. ಶಿರಸಿಯಲ್ಲಿ ತಂತಿ ಅಷ್ಟು ಬೇಗ ಹೋಗುವುದಿಲ್ಲ. ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಹೋದಾಗ ಅದು ತುಂಡಾದರೂ ಮೋಟಾರ್ ಸೈಕಲ್ ಅಂಗಡಿಯವರು ಏನೋ ಒಂದು ಹೊಂದಿಸಿಕೊಡುತ್ತಾರೆ. ಹೈಡ್ರಾಲಿಕ್ಕಿನೊಳಗೆ ಗಾಳಿ ಸೇರಿದರೆ ನೀವೇ ಎಣ್ಣೆ ಬದಲಿಸಲು ಕಲಿತಿರಬೇಕು. ಶಿಮಾನೋಗೆ ಮಿನರಲ್ ಆಯಿಲ್. ಸ್ರಾಮಿನ ಬಹಳಷ್ಟು ರೋಡ್ ಬ್ರೇಕುಗಳಿಗೆ ಡಾಟ್ ದ್ರವ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳು. ಕಾರಿನ ಬ್ರೇಕ್ ಎಣ್ಣೆ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ ಅಂತ ಶಿಮಾನೋಗೆ ಸುರಿಯಬೇಡಿ.

ತಂತಿಯ ಡಿಸ್ಕ್ ಕ್ಯಾಲಿಪರ್ ಕೊಳ್ಳುವವರಿಗೆ ಒಂದು ಬಲೆ ಇದೆ. ಬಿಬಿ7 ಎಂಬ ಹೆಸರಿನಲ್ಲಿ ರೋಡಿಗೆ ಒಂದು, ಮೌಂಟನ್ನಿಗೆ ಒಂದು ಬರುತ್ತದೆ, ನೋಡಲು ಅವಳಿ ಮಕ್ಕಳ ಹಾಗೆ. ಮೌಂಟನ್ನಿನ ಲಿವರ್ ಜಾಸ್ತಿ ತಂತಿ ಎಳೆಯುತ್ತದೆ, ರೋಡಿನದು ಕಡಿಮೆ. ತಪ್ಪಿ ಮೌಂಟನ್ನಿನದು ತಂದರೆ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕ್ ಹತ್ತುವುದಿಲ್ಲ. ರೋಟರ್, ಅಂದರೆ ಡಿಸ್ಕಿನ ತಟ್ಟೆಯ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಅಚ್ಚೊತ್ತಿದ್ದರೆ ಲೋಹದ ಪ್ಯಾಡ್ ಹಾಕಬೇಡಿ, ರೋಟರ್ ಬೇಗ ಸವೆಯುತ್ತದೆ.

ಟೈರು, ಚಕ್ರ

25 ಮಿ.ಮೀ. ಅಗಲದ ಟೈರಿನಿಂದ 28ಕ್ಕೆ ಹೋಗಿ. ನನ್ನ ತೂಕ 72 ಕೆ.ಜಿ. 25ರಲ್ಲಿ 90 ಪಿಎಸ್‌ಐ ತುಂಬುತ್ತಿದ್ದೆ, 28ರಲ್ಲಿ 75 ಸಾಕು. ಹೊಂಡಗಳು ಹಾಗೇ ಇವೆ, ಸೊಂಟ ಮಾತ್ರ ಈಗ ಬೈಯುವುದಿಲ್ಲ. ಟೈರಿನ ಮೇಲೆ 28-622 ಅಂತ ಬರೆದಿರುತ್ತದೆ. ಹಿಂದಿನ ಸಂಖ್ಯೆ ರಿಮ್ಮಿನ ಅಳತೆ, 700ಸಿ ಅನ್ನುವುದೂ ಅದನ್ನೇ. ಮುಂದಿನ 28ನ್ನು ಪೂರ್ತಿ ನಂಬಬೇಡಿ. ರಿಮ್ ಅಗಲವಿದ್ದರೆ ಅದೇ ಟೈರು 30 ಮಿ.ಮೀ. ಆಗಿ ಉಬ್ಬಬಹುದು. ಗಾಳಿ ತುಂಬಿದ ಮೇಲೆ ಫ್ರೇಮಿಗೂ ಟೈರಿಗೂ ನಡುವೆ ಎರಡೂ ಬದಿ 4 ಮಿ.ಮೀ. ಉಳಿಯಬೇಕು. ನಮ್ಮ ರಾಡಿಗೆ ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಬಿಡುತ್ತೇನೆ. 32 ಹಿಡಿಯುವ ಡಿಸ್ಕ್ ಫ್ರೇಮ್ ಇದ್ದರೆ 32 ಹಾಕಿ, ಯಾಣದ ರಸ್ತೆಗೆ ಹೋಗುವವರಂತೂ ಯೋಚಿಸಲೇಬೇಡಿ. ಮಳೆಗೆ ಗೀರು ಜಾಸ್ತಿ ಇರುವ ಟೈರು ಬೇಕು ಅನ್ನುವುದು ಕಾರಿನಿಂದ ಬಂದ ನಂಬಿಕೆ. ಡಾಂಬರಿನ ಮೇಲೆ ಸೈಕಲ್ಲಿಗೆ ಹಿಡಿತ ಕೊಡುವುದು ರಬ್ಬರಿನ ಗುಣ ಮತ್ತು ಗಾಳಿಯ ಒತ್ತಡ. ಕೊಕ್ಕೆ ಇಲ್ಲದ ಅಂಚಿನ ರಿಮ್ ಇದ್ದರೆ ಅದಕ್ಕೆ ಹೇಳಿದ ಟೈರೇ ಹಾಕಬೇಕು, 72 ಪಿಎಸ್‌ಐ ದಾಟಿಸಬಾರದು.

ಹೊಸ ಚಕ್ರ ಕೊಳ್ಳುವವರು 11 ಸ್ಪೀಡಿನ ಶಿಮಾನೋ ಫ್ರೀಹಬ್, ಅಂದರೆ ಕ್ಯಾಸೆಟ್ ಕೂರುವ ನಡುಭಾಗ, ಇರುವುದನ್ನೇ ಕೇಳಿ. ಅದರ ಮೇಲೆ 1.85 ಮಿ.ಮೀ. ಬಳೆ ಹಾಕಿ 8, 9, 10 ಸ್ಪೀಡಿನ ಕ್ಯಾಸೆಟ್ ಕೂರಿಸಬಹುದು. ಶಿಮಾನೋದ 12 ಸ್ಪೀಡ್ ರೋಡ್ ಕ್ಯಾಸೆಟ್ ಕೂಡ ಕೂರುತ್ತದೆ. ಹಳೆಯ 10 ಸ್ಪೀಡ್ ಫ್ರೀಹಬ್ ಮೇಲೆ 11 ಸ್ಪೀಡಿನ ಮಾಮೂಲಿ ರೋಡ್ ಕ್ಯಾಸೆಟ್ ಕೂರುವುದಿಲ್ಲ. 11-34ರ ಎಚ್‌ಜಿ700, ಎಚ್‌ಜಿ800 ಅದಕ್ಕೆ ಅಪವಾದ. ಹಿಂಚಕ್ರದ ಅಗಲ ರಿಮ್ ಬ್ರೇಕಿನ ಸೈಕಲ್ಲಿಗೆ 130 ಮಿ.ಮೀ., ಡಿಸ್ಕಿಗೆ 135 ಅಥವಾ 142. ಒಂದರದ್ದು ಇನ್ನೊಂದಕ್ಕೆ ತುರುಕಲು ಹೋಗಬೇಡಿ.

ಎಲ್ಲ ಬದಲಿಸುವುದೋ, ಹೊಸದೇ ಕೊಳ್ಳುವುದೋ?

ಶಿಮಾನೋದ 8 ಸ್ಪೀಡಿನ ಗೇರು ಸಾಲು ಕ್ಲಾರಿಸ್‌ನಿಂದ 105ಕ್ಕೆ ಹೋಗುವ ಆಸೆ ಸಹಜ. ಆದರೆ ಪಟ್ಟಿ ಬರೆದು ನೋಡಿ: ಎರಡೂ ಶಿಫ್ಟರು, ಎರಡೂ ಡಿರೇಲರು, ಕ್ಯಾಸೆಟ್, ಚೈನು, ಫ್ರೀಹಬ್ ಚಿಕ್ಕದಾಗಿದ್ದರೆ ಹಿಂಚಕ್ರ, ಹೆಚ್ಚಾಗಿ ಪೆಡಲ್ ಕೂರುವ ಕ್ರ್ಯಾಂಕೂ. ಉಳಿಯುವುದು ಫ್ರೇಮು ಮತ್ತು ಸೀಟು. ರಿಮ್ ಬ್ರೇಕಿನ ಫ್ರೇಮಿಗೆ ಇನ್ನೊಂದು ಗೋಡೆ ಇದೆ. 12 ಸ್ಪೀಡಿನ 105, ಅಂದರೆ ಆರ್7100, ಡಿಸ್ಕ್ ಬ್ರೇಕಿಗೆ ಮಾತ್ರ. ತಂತಿ ಗೇರಿನ 105 ಬೇಕಾದರೆ ನಿಮಗೆ 11 ಸ್ಪೀಡಿನ ಆರ್7000 ಕೊನೆ. ಶಿಫ್ಟರ್ ಬದಲಿಸುವ ಮಾತು ಬಂದ ಕೂಡಲೇ ನಾನಾದರೆ ಸೈಕಲ್ ಮಾರಿ ಡಿಸ್ಕಿನ ಹೊಸದಕ್ಕೆ ದುಡ್ಡು ಸೇರಿಸುತ್ತೇನೆ. ಫ್ರೇಮಿನ ಮೇಲೆ ಪ್ರೀತಿ ಇದ್ದರೆ ಬೇರೆ ಮಾತು. ಪ್ರೀತಿಗೆ ಲೆಕ್ಕ ಹೇಳಲು ನಾನ್ಯಾರು?

ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಬೇರಿಂಗು, ಮಳೆಗಾಲ ಮುಗಿಯುವಾಗ ಕಿರಗುಟ್ಟಲು ಶುರುಮಾಡುತ್ತದೆ. 68 ಮಿ.ಮೀ. ಅಗಲದ ಬಿಎಸ್‌ಎ ತಿರುಪಿನದಾದರೆ ಮನೆಯಲ್ಲೇ ಬದಲಿಸಬಹುದು, ಆದರೆ ಚೈನು ಇರುವ ಬದಿಯ ತಿರುಪು ಉಲ್ಟಾ. ಪೆಡಲುಗಳಲ್ಲಿ ಉಲ್ಟಾ ಇರುವುದು ಎಡಗಡೆಯದು. ಉಪ್ಪು ಗಾಳಿಯ ಊರಿನಲ್ಲಿ ಎರಡಕ್ಕೂ ಗ್ರೀಸು ಹಚ್ಚದೆ ಹಾಕಿದರೆ ಮುಂದೆ ಪಾನಾ ಬಾಗುತ್ತದೆ, ಪೆಡಲ್ ಅಲುಗುವುದಿಲ್ಲ.

ತರಿಸುವ ಮೊದಲು ಸೈಕಲ್ ತೊಳೆದು, ಡಿರೇಲರ್, ಶಿಫ್ಟರ್, ಕ್ರ್ಯಾಂಕಿನ ಒಳಬದಿ, ಹಬ್ಬು, ಟೈರು ಎಲ್ಲದರ ಮೇಲಿನ ಸಂಖ್ಯೆಗಳ ಫೋಟೋ ತೆಗೆಯಿರಿ. ಅಂಗಡಿಗೆ ಫೋನಿನಲ್ಲಿ "ಆಗುತ್ತಾ?" ಅಂತ ಕೇಳಬೇಡಿ. ಫೋಟೋ ಕಳಿಸಿ, ಈ ಸಂಖ್ಯೆಯ ಶಿಫ್ಟರಿಗೆ ಈ ಸಂಖ್ಯೆಯ ಡಿರೇಲರ್ ಆಗುತ್ತದೆ ಅಂತ ಬರೆದು ಕೊಡಲು ಹೇಳಿ. ಬರೆಯಬೇಕಾದರೆ ಅವರೂ ಒಮ್ಮೆ ಪಟ್ಟಿ ತೆಗೆದು ನೋಡುತ್ತಾರೆ. ತೆಳು ತುದಿಯ ವಾಲ್ವಿನ ಟ್ಯೂಬು ತರಿಸಿದರೆ ಜೊತೆಗೆ ಹಿತ್ತಾಳೆಯ ಅಡಾಪ್ಟರ್ ಒಂದು ಸೇರಿಸಿ. ಪೆಟ್ರೋಲ್ ಬಂಕಿನ ಗಾಳಿ ಪೈಪಿಗೆ ಆ ವಾಲ್ವು ಕಚ್ಚುವುದಿಲ್ಲ.

ನನ್ನ ಆ 4700 ಡಿರೇಲರ್ ಇನ್ನೂ ಬಿಸ್ಕತ್ತಿನ ಡಬ್ಬದಲ್ಲಿದೆ. ಹಾಕಿ ಬಿಚ್ಚಿದ ಮೇಲೆ ಅಂಗಡಿಯವರು ವಾಪಸು ತಗೊಳ್ಳಲಿಲ್ಲ. ಜಿಎಸ್, ಉದ್ದ ತೋಳು, ಎರಡು ಸಂಜೆ ಮಾತ್ರ ಓಡಿದ್ದು. ನಿಮ್ಮ ಶಿಫ್ಟರಿನ ಮೇಲೆ 4700 ಅಂತ ಇದ್ದರೆ ಹೇಳಿ.